ಮಣ್ಣಿಗೆ ಪುನರ್ಪುಳಿ

ಉತ್ತರ ಜರ್ಮನಿಯವರ ಬೇಸಿಗೆಯ ಸಿಹಿ ‘ರೋಟೆ ಗ್ರ್ಯುಟ್ಸೆ’. ಕೆಂಪು ಕರಂಟ್, ರಾಸ್ಪ್‌ಬೆರಿ, ಚೆರಿಗಳನ್ನು ಸಕ್ಕರೆಯೊಡನೆ ಕುದಿಸಿ, ಸಬ್ಬಕ್ಕಿಯಿಂದಲೋ ಪಿಷ್ಟದಿಂದಲೋ ಮಂದ ಮಾಡಿ, ತಣಿಸಿ, ಮೇಲೆ ವೆನಿಲಾ ಸಾಸನ್ನೋ ತಣ್ಣನೆಯ ಹಾಲನ್ನೋ ಸುರಿದು ತಿನ್ನುತ್ತಾರೆ. ಹುಳಿ ನಾಲಿಗೆಯನ್ನು ಚುರುಕು ಮಾಡುತ್ತದೆ, ಹಾಲು ಸಮಾಧಾನ ಮಾಡುತ್ತದೆ. ಉಡುಪಿಯಲ್ಲಿ ಇದನ್ನು ಮಾಡಹೊರಟರೆ ಹಣ್ಣಿಗಾಗಿ ಮಣಿಪಾಲದ ಸೂಪರ್‌ಮಾರ್ಕೆಟ್ಟಿನ ಫ್ರೀಜರಿನೆದುರು ನಿಂತು ಜೇಬು ತಡವಿಕೊಳ್ಳಬೇಕು. ಅಷ್ಟು ಉಪದ್ವ್ಯಾಪ ಯಾಕೆ? ನಮ್ಮಲ್ಲಿ ಅಕ್ಕಿಯ ಮಣ್ಣಿ ಇದೆ, ಕೆಂಪು ಹುಳಿಯ ಪುನರ್ಪುಳಿ (ಕೋಕಂ) ಇದೆ.

ತಣಿಸಿ ತಿನ್ನುವ ಸಿಹಿಗೆ ಕರಾವಳಿಯ ಸೆಕೆಯೇ ಪರೀಕ್ಷೆ. ಜೆಲಾಟಿನ್ನಿನ ಜೆಲ್ಲಿ 30 ಡಿಗ್ರಿ ದಾಟಿದರೆ ಸಡಿಲಾಗುತ್ತದೆ. ಏಪ್ರಿಲ್‌ನಲ್ಲಿ ಕಾಪುವಿನ ಮನೆಯ ಜಗಲಿಗೆ ತಂದಿಟ್ಟರೆ ಬೇಗನೆ ನೀರು. ಸಾಲದ್ದಕ್ಕೆ ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಇಲ್ಲಿನ ಸಸ್ಯಾಹಾರಿ ಅಡುಗೆಮನೆಗೆ ಒಗ್ಗದು. ಕಡಲ ಪಾಚಿಯ ಚೈನಾಗ್ರಾಸ್ 35–40 ಡಿಗ್ರಿಯಲ್ಲೇ ಗಟ್ಟಿಯಾಗಿ, 85ರ ಸುತ್ತ ಹೋಗದೆ ಕರಗುವುದಿಲ್ಲ. ಬಾಯಲ್ಲಿ ಪುಡಿಪುಡಿಯಾಗುವ ಅದರ ಗುಣ ಮಾತ್ರ ನನಗೆ ಅಷ್ಟಕ್ಕಷ್ಟೆ. ಅಕ್ಕಿಗೆ ಈ ಯಾವ ರಗಳೆಯೂ ಇಲ್ಲ. ಫ್ರಿಜ್ ಬರುವ ಮೊದಲೂ ಮಣ್ಣಿ ತಟ್ಟೆಯಲ್ಲಿ ತಾನಾಗಿ ಗಟ್ಟಿಯಾಗುತ್ತಿತ್ತು.

ನೆನೆದ ಬೆಳ್ತಿಗೆ ಅಕ್ಕಿಯನ್ನು ತೆಂಗಿನ ತುರಿಯೊಡನೆ ನುಣ್ಣಗೆ ಅರೆದು, ಅಕ್ಕಿಯ ನಾಲ್ಕು ಪಾಲು ನೀರು, ಬೆಲ್ಲ ಸೇರಿಸಿ ಬಾಣಲೆಯಲ್ಲಿ ಕೈಬಿಡದೆ ಮಗುಚಬೇಕು. ಮೊದಲು ತಳದಲ್ಲಿ ಗಂಟು ಕಟ್ಟುತ್ತದೆ. ಹೆದರಬೇಡಿ, ಮಗುಚುತ್ತಾ ಇರಿ. ಬಣ್ಣ ಗಾಢವಾಗಿ, ಇಡೀ ಮುದ್ದೆ ಸಟ್ಟುಗದ ಹಿಂದೆಯೇ ಬದಿ ಬಿಟ್ಟು ಬರುತ್ತದೆ. ಅಷ್ಟಕ್ಕೇ ಇಳಿಸುವವರೇ ಹೆಚ್ಚು, ಹಸಿ ವಾಸನೆ ಉಳಿಯುವುದು ಅದಕ್ಕೇ. ಒದ್ದೆ ಬೆರಳಿಗೆ ಅಂಟಬಾರದು, ಅಂಚಿನಲ್ಲಿ ತೆಂಗಿನೆಣ್ಣೆಯ ಹೊಳಪು ಕಾಣಬೇಕು. ಆಗ ತುಪ್ಪ ಸವರಿದ ತಟ್ಟೆಗೆ ಸುರಿಯಿರಿ.

ತಿನ್ನುವ ಮುಂಚೆ ಒಂದರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ತಕರಾರಿಲ್ಲ. ರಾತ್ರಿಯಿಡೀ ಇಟ್ಟಿರೋ, ಬೆಂದ ಪಿಷ್ಟ ಆ ತಂಪಿಗೆ ಬಿರುಸಾಗಿ ಮಣ್ಣಿಯ ನಯವೇ ಹೋಗುತ್ತದೆ.

ಇನ್ನು ಕೆಂಪು ಹುಳಿ. ಕಾರ್ಕಳದಾಚೆ ಘಟ್ಟದ ಬುಡದಲ್ಲಿ ಪುನರ್ಪುಳಿಗೆ ಬರವಿಲ್ಲ. ಒಣಸಿಪ್ಪೆಯನ್ನು ನೆನೆಸಿ, ಹಿಂಡಿ, ಸ್ವಲ್ಪವೇ ಸಕ್ಕರೆ ಹಾಕಿ ಕುದಿಸಿ, ಎಳೆ ಬರುವ ಮುಂಚೆ ಇಳಿಸಿ. ಬಣ್ಣ ಬೆರೆಸಿದ ಬಾಟಲಿ ಬೇಡ. ಜೀರಿಗೆ, ಉಪ್ಪು ಶರಬತ್ತಿಗಿರಲಿ. ಕೊಂಕಣಿಗರ ಸೋಲ್ ಕಡಿ ಕುಡಿದವರಿಗೆ ತೆಂಗಿನಕಾಯಿ, ಪುನರ್ಪುಳಿಯ ಜೋಡಿ ಹೊಸತೇನಲ್ಲ. ಬೆಲ್ಲದ ಬದಲು ಸಕ್ಕರೆ ಹಾಕಿದರೆ ಬಿಳಿ ಮಣ್ಣಿಯ ಮೇಲೆ ಕೆಂಪು ಎದ್ದು ಕಾಣುತ್ತದೆ, ಫೋಟೋಗೆ ಚೆಂದ. ತಿನ್ನಲು ಬೆಲ್ಲದ್ದೇ ಸರಿ. ರಾಗಿ ಮಣ್ಣಿಗೆ ಮಾತ್ರ ಈ ಹುಳಿ ಹೊಂದುವುದಿಲ್ಲ, ಅದಕ್ಕೆ ತುಪ್ಪವೇ ಆಗಬೇಕು.