ಕುಲಗೋಡದ ಪಾರಿಜಾತವೂ ಗಣಕಯುಗದ ಪಾತ್ರದಾಟವೂ : ಒಂದು ವಿವೇಚನೆ

ಮೇಜಿನ ಸುತ್ತ ನಾಲ್ಕಾರು ಜನ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿಕೊಂಡು, ದಾಳವನ್ನು ಉರುಳಿಸುತ್ತ, ಬಾಯಿಮಾತಿನಿಂದಲೇ ಕಥೆಯನ್ನು ಬೆಳೆಯಿಸುವ ಆಟವೊಂದು ಪಶ್ಚಿಮ ದೇಶಗಳಲ್ಲಿ ಅರ್ಧ ಶತಮಾನದಿಂದ ಪ್ರಚಾರದಲ್ಲಿದೆ. ಪ್ರಕೃತ ಲೇಖನದಲ್ಲಿ ಇದನ್ನು 'ಪಾತ್ರದಾಟ'ವೆಂದು ಕರೆಯುವೆವು. ಗಣಕಯಂತ್ರವೂ ಅಂತರ್ಜಾಲವೂ ಮನೆಮನೆಯನ್ನು ಹೊಕ್ಕಿರುವ ಈ ಕಾಲದಲ್ಲಿ ಇಂಥ ಆಟದ ಮುಂದಿನ ಗತಿಯೇನು? ಈ ಪ್ರಶ್ನೆ ಮೇಲುನೋಟಕ್ಕೆ ನಮಗೆ ದೂರದ್ದೆಂದು ತೋರಬಹುದು. ಆದರೆ ಕಥೆಯ ಕಟ್ಟಿನೊಳಗಿದ್ದುಕೊಂಡೇ ಆಶುವಾಗಿ ಮಾತನ್ನು ಹೂಡುವ ಕಲೆ ಕನ್ನಡ ನಾಡಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಕುಲಗೋಡವು ಅದಕ್ಕೆ ಒಳ್ಳೆಯ ಸಾಕ್ಷಿ. ಆದುದರಿಂದ ಅಲ್ಲಿಂದಲೇ ಈ ಪ್ರಶ್ನೆಯನ್ನು ಪರಿಶೀಲಿಸುವುದು ಉಚಿತವೆಂದು ತೋರುತ್ತದೆ.

ಹಿಂದೆ ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿರುವ ಈ ಊರಿನ ಹೆಸರು ಶ್ರೀಕೃಷ್ಣ ಪಾರಿಜಾತದೊಡನೆ ಹೆಣೆದುಕೊಂಡಿದೆ. ಪಾರಿಜಾತದ ಇತಿಹಾಸದಲ್ಲಿ ಇಬ್ಬರು ತಮ್ಮಣ್ಣರು ಬರುತ್ತಾರೆ. ಅದರ ಮೂಲಕರ್ತೃವೆಂದು ಹೇಳಲಾಗುವವನು ಅಪರಾಳ ತಮ್ಮಣ್ಣ. ಅದಕ್ಕೆ ರಂಗರೂಪವನ್ನು ಕೊಟ್ಟು ಆಡಿಸಿದವನು ಹತ್ತೊಂಬತ್ತನೆಯ ಶತಮಾನದ ಕುಲಗೋಡ ತಮ್ಮಣ್ಣ. ನೆರೆಯ ಕೌಜಲಗಿಯ ನಿಂಗಮ್ಮನು ಈ ಆಟವನ್ನು ಊರೂರಿಗೆ ಒಯ್ದು ಜನಪ್ರಿಯಗೊಳಿಸಿದಳು. ನಾರದನು ತಂದ ಹೂವು ರುಕ್ಮಿಣಿಗೆ ಸಲ್ಲುವುದು, ಸತ್ಯಭಾಮೆ ಮುನಿಯುವುದು, ಕೃಷ್ಣನು ಕೊರವಂಜಿಯ ವೇಷದಿಂದ ಆಕೆಯಲ್ಲಿಗೆ ಬರುವುದು, ಇವೆಲ್ಲ ಪ್ರೇಕ್ಷಕರಿಗೆ ಮೊದಲೇ ಗೊತ್ತಿರುವ ಸಂಗತಿಗಳು. ಹಾಡುಗಳೂ ಗೊತ್ತಾದವುಗಳೇ. ಆದರೆ ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಬರುವ ಮಾತಿನ ಬಹುಭಾಗ ಬರೆದಿಟ್ಟದ್ದಲ್ಲ. ಭಾಗವತನು ಸೂತ್ರಧಾರನಾಗಿ, ದೂತಿಯಾಗಿ, ಹಾಸ್ಯಗಾರನಾಗಿ ಪಾತ್ರಗಳನ್ನು ಕೆಣಕುತ್ತಾನೆ; ಪಾತ್ರಧಾರಿ ಅಲ್ಲಿಯೇ ಉತ್ತರ ಕೊಡಬೇಕು. ಹಾಡು ಆಟದ ಕಟ್ಟಾದರೆ ಈ ಮಾರುತ್ತರವೇ ಅದರ ಜೀವ.

ಪಶ್ಚಿಮದ ಪಾತ್ರದಾಟದ ವಂಶಾವಳಿಯನ್ನು ನೋಡಿದರೂ ಇದೇ ತತ್ವ ಕಂಡುಬರುತ್ತದೆ. ಪ್ರಶ್ಯದ ಸೇನಾಧಿಕಾರಿ ರೈಸ್ವಿಟ್ಸ್ 1824ರಲ್ಲಿ ಪ್ರಕಟಿಸಿದ ಯುದ್ಧದಾಟದಲ್ಲಿ ನಕ್ಷೆ, ದಾಳ, ಕೋಷ್ಟಕಗಳಿದ್ದವು. ಎರಡು ಪಕ್ಷಗಳ ನಡುವೆ ಒಬ್ಬ ತೀರ್ಪುಗಾರನಿದ್ದನು. ನಿಯಮಗಳ ಭಾರ ಹೆಚ್ಚಾಯಿತೆಂದು ಕಂಡು, 1876ರಲ್ಲಿ ವೆರ್ಡಿ ಡು ವೆರ್ನುವಾ ಎಂಬ ಸೇನಾನಿ ಕೋಷ್ಟಕಗಳನ್ನು ಬದಿಗಿರಿಸಿ, ನಿರ್ಣಯವನ್ನು ತೀರ್ಪುಗಾರನ ಅನುಭವಕ್ಕೇ ಒಪ್ಪಿಸಿದನು. ಯುದ್ಧದಾಟಗಳ ಈ ಪರಂಪರೆಯಿಂದಲೇ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇವರ 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್' ಹೊರಬಂದಿತು. ಅದರ ನಿರ್ವಾಹಕನನ್ನು ನಮ್ಮ ಭಾಗವತನೊಡನೆ ತಾಳೆ ನೋಡಬಹುದು. ಭೇದಗಳಿಲ್ಲವೆಂದಲ್ಲ. ಪಾರಿಜಾತದಲ್ಲಿ ದಾಳವಿಲ್ಲ, ಕೊನೆ ನಿಶ್ಚಿತವಾಗಿದೆ; ಅಲ್ಲಿ ಕೊನೆ ಯಾರಿಗೂ ತಿಳಿಯದು. ಪಾರಿಜಾತಕ್ಕೆ ಪ್ರೇಕ್ಷಕರು ಬೇಕು. ಅಲ್ಲಿ ಆಡುವವರೇ ಪ್ರೇಕ್ಷಕರು. ಆದರೂ ಎದುರಿನವನ ಮಾತು ಏನಾಗುವುದೋ ಎಂಬ ಕುತೂಹಲ ಎರಡಕ್ಕೂ ಸಮಾನ.

ಹೀಗಿರಲು ಗಣಕಯಂತ್ರವು ಆಟದಿಂದ ಕಿತ್ತುಕೊಳ್ಳುವುದೇನು? ಈ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಯಂತ್ರ ಬಂದಿತು, ಇನ್ನು ಆಟ ಮುಗಿಯಿತು ಎಂಬುದು ಒಂದು. ಯಂತ್ರದಲ್ಲಿ ಮುದ್ರಿಸಿಟ್ಟರೆ ಆಟ ಶಾಶ್ವತವಾಗಿ ಉಳಿಯಿತು ಎಂಬುದು ಇನ್ನೊಂದು. ಎರಡೂ ಅರ್ಧಸತ್ಯಗಳೆಂದು ನಮ್ಮ ಅಭಿಮತ.

ಮೊದಲನೆಯ ಮಾತಿಗೆ ಪಾತ್ರದಾಟವೇ ಉತ್ತರ ಕೊಟ್ಟಿದೆ. 2012ರಲ್ಲಿ ಆರಂಭವಾದ 'ರೋಲ್20'ಯಂಥ ವೇದಿಕೆಗಳು ಮೇಜನ್ನೇ ಅಂತರ್ಜಾಲಕ್ಕೆ ಸಾಗಿಸಿದವು. 2020ರ ಮಹಾಮಾರಿಯ ಕಾಲದಲ್ಲಿ ಒಂದೆಡೆ ಸೇರಲಾಗದ ಆಟಗಾರರು ಈ ಮಾರ್ಗವನ್ನು ಹಿಡಿದರು. ದಾಳ, ಲೆಕ್ಕ, ನಕ್ಷೆಗಳು ಯಂತ್ರದ ಪಾಲಾದರೂ ಮಾತು ಮನುಷ್ಯರಲ್ಲಿಯೇ ಉಳಿಯಿತು. ಆದುದರಿಂದ ಆಟವೂ ಉಳಿಯಿತು. 2019ರಲ್ಲಿ ಬಂದ 'ಎಐ ಡಂಜನ್' ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿ, ನಿರ್ವಾಹಕನ ಮಾತನ್ನೂ ಯಂತ್ರದಿಂದಲೇ ಆಡಿಸಿತು. ಇದನ್ನು ತಿರಸ್ಕರಿಸಬೇಕಾಗಿಲ್ಲ, ಆದರೆ ತೂಗಿ ನೋಡಬೇಕು. ಯಂತ್ರ ಎಷ್ಟು ಬೇಕಾದರೂ ಉತ್ತರ ಕೊಡಬಲ್ಲದು; ಆ ಉತ್ತರಕ್ಕೆ ಅದು ಹೊಣೆಯಲ್ಲ. ಭಾಗವತನಾದರೋ ತಾನು ಯಾರನ್ನು ಚುಚ್ಚಿದನೋ ಅವರ ಎದುರಿನಲ್ಲಿಯೇ ನಿಂತಿರುತ್ತಾನೆ. ಊರಿನ ಮರ್ಯಾದೆಯನ್ನು ಬಲ್ಲವನಾದ್ದರಿಂದಲೇ ಅವನ ಚೇಷ್ಟೆಗೆ ಬೆಲೆ.

ಎರಡನೆಯ ಅಭಿಪ್ರಾಯ ಹೆಚ್ಚು ಅಪಾಯಕರವಾದುದು. ಏಕೆಂದರೆ ಅದು ಅಭಿಮಾನದ ರೂಪದಲ್ಲಿ ಬರುತ್ತದೆ. ಬರೆದಿಟ್ಟ ಮಾತ್ರಕ್ಕೆ ಆಟ ಉಳಿಯುವುದಿಲ್ಲವೆಂಬುದಕ್ಕೆ ಕರ್ನಾಟಕದ ಇತಿಹಾಸದಲ್ಲಿಯೇ ನಿದರ್ಶನವಿದೆ. ಕುಲಗೋಡ ತಮ್ಮಣ್ಣನ ಶತಮಾನದಲ್ಲಿಯೇ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹಲವು ಹಲಗೆಯಾಟಗಳನ್ನೂ, 360 ಎಲೆಗಳವರೆಗಿನ ಗಂಜೀಫಾ ಕಟ್ಟುಗಳನ್ನೂ ಸ್ವತಃ ಕಲ್ಪಿಸಿ, ವಿವರಗಳನ್ನು ದಾಖಲೆಗೊಳಿಸಿದರು. ದಾಖಲೆ ಉಳಿಯಿತು; ಆಟಗಳು ಜನಬಳಕೆಗೆ ಇಳಿಯಲಿಲ್ಲ. ಬಹುಪಾಲು ಬರೆಯದೆಯೇ ಬಂದ ಪಾರಿಜಾತದ ಮಾತಾದರೋ ತಲೆಮಾರುಗಳನ್ನು ದಾಟಿತು.

ಈಗ ಯಾವುದೋ ಒಂದು ರಾತ್ರಿಯ ಪಾರಿಜಾತ ಮೊಬೈಲಿನಲ್ಲಿ ಯಾರಿಗೆ ಬೇಕಾದರೂ ದೊರೆಯುತ್ತದೆ. ಕಲಿಯುವ ಹುಡುಗನು ಅದನ್ನೇ ಪಾಠವೆಂದು ಬಗೆದು, ಅಂದಿನ ಸತ್ಯಭಾಮೆ ಅಂದಿನ ಪ್ರೇಕ್ಷಕರೆದುರು ಆಡಿದ ಮಾತನ್ನೇ ಕಂಠಪಾಠ ಮಾಡಿದರೆ, ಆಶುವಾಗಿದ್ದದ್ದು ಶಾಸನವಾಗುತ್ತದೆ. ಆಮೇಲೆ ಭಾಗವತನು ಹೊಸ ಪ್ರಶ್ನೆಯನ್ನು ಕೇಳಿದರೆ ಆ ಹುಡುಗನಲ್ಲಿ ಉತ್ತರವಿರುವುದಿಲ್ಲ. ಆಗ ಆಟವನ್ನು ಕೊಂದದ್ದು ಯಂತ್ರವಲ್ಲ. ಮುದ್ರಿಕೆಯನ್ನೇ ಕೃತಿಯೆಂದು ಭ್ರಮಿಸಿದ ನಮ್ಮ ವಿದ್ವತ್ತು.

ಹಾಗಾದರೆ ಮುದ್ರಣವೇ ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು; ನಿಂಗಮ್ಮನ ಮಾತಿನ ಒಂದು ರಾತ್ರಿಯಾದರೂ ನಮಗೆ ಉಳಿದಿದ್ದರೆ ಅದಕ್ಕಿಂತ ದೊಡ್ಡ ಆಕರ ಬೇರೊಂದಿರುತ್ತಿರಲಿಲ್ಲ. ಆದರೆ ಮುದ್ರಿಸುವ ಕ್ರಮ ಬದಲಾಗಬೇಕು. ಕೊರವಂಜಿಯ ಒಂದೇ ಪ್ರಸಂಗವನ್ನು ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಮೇಳಗಳಿಂದ, ಪ್ರೇಕ್ಷಕರ ನಗೆ ಕೂಗುಗಳ ಸಹಿತ ಸಂಗ್ರಹಿಸಿ, ಊರನ್ನೂ ದಿನವನ್ನೂ ನಮೂದಿಸಬೇಕು. ಹಾಗೆ ಮಾಡಿದರೆ ಮಾತು ಎಲ್ಲಿ ನಿಂತಿದೆ, ಎಲ್ಲಿ ಹೊರಳಿದೆ ಎಂಬುದು ಅಭ್ಯಾಸಿಗಳಿಗೆ ತಿಳಿಯುವುದು. ಹಸ್ತಪ್ರತಿಗಳಲ್ಲಿ ಪಾಠಾಂತರಗಳನ್ನು ಆದರದಿಂದ ಗುರುತಿಸುವ ನಾವು ಆಡುಮಾತಿಗೆ ಅದೇ ನ್ಯಾಯವನ್ನು ಸಲ್ಲಿಸದಿರಲು ಕಾರಣವಿಲ್ಲ.

ಕಾಲೇಜುಗಳಲ್ಲಿಯೂ ಒಂದು ಕೆಲಸ ಸಾಧ್ಯವಿದೆ. ಪಾತ್ರದಾಟಕ್ಕೆ ಒಲಿದ ವಿದ್ಯಾರ್ಥಿಗಳಿಗೆ ಪಾರಿಜಾತದ ಸನ್ನಿವೇಶವನ್ನು ಕೊಟ್ಟು, ಮುನಿದ ಸತ್ಯಭಾಮೆಗೆ ಕೃಷ್ಣನು ಏನು ಹೇಳಬೇಕೆಂಬುದನ್ನು ಅವರಿಗೇ ಬಿಡಬೇಕು. ಬರೆದ ಹಾಳೆ ಅವರ ಕೈಯಲ್ಲಿರಬಾರದು. ಆಟ ಮೇಜಿನ ಮೇಲೆ ನಡೆಯಲಿ, ಪರದೆಯ ಮೇಲೆ ನಡೆಯಲಿ, ಕುಲಗೋಡದ ಬಯಲಿನಲ್ಲಿ ನಡೆಯಲಿ, ಮಾರುತ್ತರ ಕೊಡಬಲ್ಲವರು ಇರುವ ತನಕ ಅದಕ್ಕೆ ಭವಿಷ್ಯವುಂಟು.