ಟೀಪೂವಿನ ಹುಲಿಯೂ ಒಡೆದ ಸಿಂಹಾಸನವೂ

ಶ್ರೀರಂಗಪಟ್ಟಣದ ಕುಶಲಕಲೆಗಳನ್ನು ಕುರಿತು ಉಪನ್ಯಾಸ ಮಾಡುವವರು ಬಹುಮಟ್ಟಿಗೆ ಒಂದೇ ವಸ್ತುವನ್ನು ಮುಂದಿಡುವುದುಂಟು. ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ಐರೋಪ್ಯನೊಬ್ಬನ ಮೇಲೆರಗಿದ ಮರದ ಹುಲಿ. ಟೀಪೂ ಸುಲ್ತಾನನ ಕಾಲದ ಮೈಸೂರಿನ ಕುಶಲಕರ್ಮಿಗಳ ಯೋಗ್ಯತೆಯನ್ನು ಇದರಿಂದಲೇ ಅಳೆಯುವುದು ನ್ಯಾಯವೇ ಎಂಬುದನ್ನು ಇಲ್ಲಿ ವಿಚಾರಿಸಬೇಕಾಗಿದೆ.

ಹುಲಿಯ ಉದ್ದ ಸುಮಾರು ೬ ಅಡಿ. ಹಿಡಿಯನ್ನು ತಿರುಗಿಸಿದರೆ ಒಳಗಿನ ತಿದಿಗಳು ಆಡಿ, ಮೃಗದ ಗರ್ಜನೆಯೂ ಮನುಷ್ಯನ ಆರ್ತನಾದವೂ ಹೊರಡುತ್ತವೆ; ಬಿದ್ದವನ ತೋಳು ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ. ಪಕ್ಕೆಯ ಮುಚ್ಚಳದ ಹಿಂದೆ ದಂತದ ೧೮ ಒತ್ತುಗುಂಡಿಗಳುಳ್ಳ ವಾದ್ಯವೊಂದಿದೆ. ಇದರ ಯಂತ್ರರಚನೆಯಲ್ಲಿ ಫ್ರೆಂಚರ ಕೈಯಿರಬಹುದೆಂದು ಊಹಿಸಿದವರುಂಟು. ಕಲ್ಪನೆಯ ಧೈರ್ಯವೂ ಯಂತ್ರದ ಚಾತುರ್ಯವೂ ಪ್ರಶಂಸನೀಯವೇ. ಆದರೆ ಶಿಲ್ಪವೆಂದು ನೋಡಿದರೆ ಇದು ಉತ್ತಮವರ್ಗದ್ದೆಂದು ಹೇಳಲಾಗದು. ಮನುಷ್ಯನ ಅವಯವಗಳು ಕೊರಡಿನಂತೆ ಸೆಟೆದಿವೆ. ಹುಲಿಯ ಮೈಯಲ್ಲಿ ತೂಕವಿದೆಯೇ ಹೊರತು ಬಿಗಿಯಿಲ್ಲ.

ಹಾಗಾದರೆ ಇದು ಉಳಿದದ್ದು ಹೇಗೆ? ೧೭೯೯ರ ಮೇ ೪ರಂದು ಕೋಟೆ ಬಿದ್ದ ಬಳಿಕ ಕಂಪೆನಿಯವರು ಇದನ್ನು ಸುಲ್ತಾನನ ಕ್ರೌರ್ಯಕ್ಕೆ ಸಾಕ್ಷಿಯೆಂದು ಭಾವಿಸಿ ಲಂಡನ್ನಿಗೆ ಸಾಗಿಸಿದರು. ೧೮೦೮ರಿಂದ ಅಲ್ಲಿನ ತಮ್ಮ ಕಾರ್ಯಸೌಧದಲ್ಲಿ ಪ್ರದರ್ಶನಕ್ಕಿಟ್ಟರು. ಅದು ಉಳಿದುಬಂದುದು ಕಲಾಕೃತಿಯೆಂದಲ್ಲ, ಆರೋಪಪತ್ರವೆಂದು.

ಇದೇ ಅರಮನೆಯ ಸಿಂಹಾಸನದ ಗತಿ ಬೇರೆಯಾಯಿತು. ಅದು ಅಷ್ಟಕೋನಾಕೃತಿಯದು, ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡು, ಮುಂಭಾಗದಲ್ಲಿ ಸ್ಫಟಿಕದ ಕಣ್ಣುಹಲ್ಲುಗಳುಳ್ಳ ಹೊನ್ನಿನ ವ್ಯಾಘ್ರಮುಖ, ಸುತ್ತಣ ಕಟಾಂಜನದಲ್ಲಿ ರತ್ನಖಚಿತವಾದ ೮ ಚಿಕ್ಕ ಹುಲಿದಲೆಗಳು, ಛತ್ರದ ಮೇಲೆ ಹುಮಾ ಪಕ್ಷಿ. ಕೊಳ್ಳೆಯನ್ನು ಹಂಚುವ ಅಧಿಕಾರಿಗಳು ಇದನ್ನು ಒಡೆದು ಚೂರುಮಾಡಿದರು. ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯೇ ಇದಕ್ಕಾಗಿ ವಿಷಾದಪಟ್ಟನು. ಪಕ್ಷಿಯೂ ವ್ಯಾಘ್ರಮುಖವೂ ಇಂಗ್ಲೆಂಡಿನ ರಾಜಸಂಗ್ರಹವನ್ನು ಸೇರಿದವು. ಚಿಕ್ಕ ತಲೆಗಳಲ್ಲೊಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ೨೦೦೯ರಲ್ಲಿ ಮತ್ತೊಂದು ಲಂಡನ್ನಿನಲ್ಲಿ ಹರಾಜಾಯಿತು.

ಈ ಚೂರುಗಳ ಸೂಕ್ಷ್ಮತೆಯೇ ಕುಶಲತೆಗೆ ಸಾಕಷ್ಟು ಪ್ರಮಾಣವಲ್ಲವೇ ಎಂದು ಕೆಲವರು ಕೇಳಬಹುದು. ಅಕ್ಕಸಾಲಿಗನ ವಿಷಯದಲ್ಲಿ ಅದು ನಿಜ. ಆದರೆ ಸಿಂಹಾಸನವೆಂಬುದು ಆಭರಣಗಳ ಮೊತ್ತವಲ್ಲ. ಪೀಠಕ್ಕೂ ಛತ್ರಕ್ಕೂ, ಎತ್ತರಕ್ಕೂ ಅಗಲಕ್ಕೂ ಇದ್ದ ಪ್ರಮಾಣಸಂಬಂಧವೇ ಅದರ ಜೀವ. ಚಿನ್ನಕ್ಕೆ ಬೆಲೆಯಿತ್ತು, ಉಳಿಯಿತು. ಬಡಗಿಯ ಚೌಕಟ್ಟಿಗೂ ಸಮಗ್ರವಾಗಿ ಯೋಜಿಸಿದವನ ಬುದ್ಧಿಗೂ ಕೊಳ್ಳೆಯ ಲೆಕ್ಕದಲ್ಲಿ ಬೆಲೆಯಿರಲಿಲ್ಲ. ಅಂದಿನ ಆಂಗ್ಲರು ಬರೆದ ಚಿತ್ರಗಳಿಂದ ರೂಪವನ್ನು ತಿಳಿಯಬಹುದೇ ಹೊರತು ಕೈಕೆಲಸವನ್ನು ಪರೀಕ್ಷಿಸಲಾಗದು.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬು ಬಿದ್ದು ಸಂಗ್ರಹಾಲಯದ ಸೂರು ಕುಸಿದಾಗ ಮರದ ಹುಲಿಯೂ ನೂರಾರು ಚೂರಾಯಿತು. ಬೇಕೆಂದವರಿದ್ದುದರಿಂದ ಆ ಚೂರುಗಳು ಮತ್ತೆ ಕೂಡಿದವು. ಸಿಂಹಾಸನದ ತುಣುಕುಗಳಾದರೋ ಹಲವರ ಸೊತ್ತಾಗಿ ಇಂದಿಗೂ ಬೇರೆಬೇರೆಯಾಗಿಯೇ ಇವೆ.

ಆದುದರಿಂದ ಹುಲಿಯನ್ನು ತೋರಿಸಿ ಮೈಸೂರಿನ ಶಿಲ್ಪವನ್ನು ಹೊಗಳುವವರೂ ಹಳಿಯುವವರೂ ಒಂದೇ ದೋಷಕ್ಕೆ ಗುರಿಯಾಗುತ್ತಾರೆ: ಗೆದ್ದವರು ಆರಿಸಿಟ್ಟ ಮಾದರಿಯನ್ನು ಸೋತವರ ಶ್ರೇಷ್ಠಕೃತಿಯೆಂದು ತಿಳಿಯುವುದು. ಉಳಿದುದನ್ನು ತೂಗುವಾಗ ಒಡೆದುದನ್ನೂ ತಕ್ಕಡಿಯಲ್ಲಿಡುವುದು ವಿಮರ್ಶಕನ ಧರ್ಮ.