ಮೆಟ್ಟಡೆಯೋ ಮೆಲ್ಟಡವೋ? ಒಂದು ಪಾಠವಿಚಾರ

ಶಾಸನಸಂಗ್ರಾಹಕನೆಂದು ವಿದ್ವಾಂಸರಿಗೆ ಪರಿಚಿತನಾದ ವಾಲ್ಟರ್ ಎಲಿಯಟ್ಟನು ಇಲಿಗಳನ್ನೂ ಸಂಗ್ರಹಿಸಿದನು. ಧಾರವಾಡ ಸೀಮೆಯ ಸಸ್ತನಿಗಳನ್ನು ಕುರಿತು ಅವನು 1839ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪಟ್ಟಿಯು ಪ್ರಾಣಿಶಾಸ್ತ್ರದ ಗ್ರಂಥವಾಗಿರುವಂತೆಯೇ ದೇಶ್ಯಪದಗಳ ನಿಘಂಟೂ ಅಹುದು. ಪ್ರತಿಯೊಂದು ಇಲಿಗೂ ಕನ್ನಡಿಗರೂ ಒಡ್ಡರೂ ಇಟ್ಟ ಹೆಸರನ್ನು ಕೇಳಿ ಬರೆದಿರುವುದು ಅದರ ಗುಣವು.

ಎರೆಭೂಮಿಯ ಬಿರುಕುಗಳಲ್ಲಿ ವಾಸಿಸುವ ಮೃದುರೋಮದ ಹೊಲದಿಲಿಯೊಂದನ್ನು ಒಡ್ಡರು ‘ಮೆಟ್ಟಡೆ’ ಎನ್ನುವರೆಂದು ಅಲ್ಲಿ ಹೇಳಿದೆ. 1826ರಲ್ಲಿ ಮಳೆ ಕೊರೆಯಾಗಲು ಈ ಇಲಿಗಳು ಮಿತಿಮೀರಿ ಬೆಳೆದು ಪೈರನ್ನು ನಾಶಮಾಡಿದುವೆಂದೂ, ರೈತರು ಧಾನ್ಯವನ್ನು ಕೂಲಿಯಾಗಿ ಕೊಟ್ಟು ಒಡ್ಡರಿಂದ ಇವನ್ನು ಹಿಡಿಯಿಸಿದರೆಂದೂ ಗ್ರಂಥಕಾರನು ತಿಳಿಸುತ್ತಾನೆ. ತೆಲುಗಿನಲ್ಲಿ ‘ಮೆಟ್ಟ’ ಎಂದರೆ ನೀರಾವರಿಯಿಲ್ಲದ ಎತ್ತರದ ಬೆದ್ದಲು ಭೂಮಿ. ಆದುದರಿಂದ ಇದು ಅನ್ವರ್ಥನಾಮವೆಂದು ನನ್ನ ಮತ.

ಆದರೆ ಎಲಿಯಟ್ಟನ ಪಟ್ಟಿಗೆ ಮೊದಲೇ, 1837ರಲ್ಲಿ, ಲಂಡನ್ನಿನ ಗ್ರೇ ಎಂಬ ಪಂಡಿತನು ಇದನ್ನು ‘ಮೆಲ್ಟಡ’ ಎಂದು ಅಚ್ಚುಮಾಡಿಸಿದನು. ಆಂಗ್ಲಲಿಪಿಯಲ್ಲಿ ‘ಟಿ’ ಅಕ್ಷರದ ಅಡ್ಡಗೆರೆ ಮಾಸಿದರೆ ಅದು ‘ಎಲ್’ ಆಗುವುದು. ನಮ್ಮ ಓಲೆಗರಿಗಳ ಲಿಪಿಕಾರಪ್ರಮಾದವೇ ಇಲ್ಲಿಯೂ ಸಂಭವಿಸಿರಬೇಕು. ಒಂದು ಗೆರೆಯೊಡನೆ ಹೊಲವೇ ಹೆಸರಿನಿಂದ ಅಳಿಸಿಹೋಯಿತು.

ಮೊದಲು ಪ್ರಕಟವಾದ ರೂಪವೇ ಪ್ರಮಾಣವೆಂಬುದು ಪ್ರಾಣಿಶಾಸ್ತ್ರದ ವಿಧಿಯಾದ ಕಾರಣ ಈ ಚರ್ಚೆ ವ್ಯರ್ಥವೆಂದು ಕೆಲವರು ಹೇಳಬಹುದು. ಆ ವಿಧಿ ಪ್ರಾಣಿಶಾಸ್ತ್ರಜ್ಞರಿಗೆ ಮಾತ್ರ ಬಂಧಕ, ನಿಘಂಟುಕಾರನಿಗಲ್ಲ. ಈ ಇಲಿಯ ಈಗಿನ ಪೂರ್ಣನಾಮ ‘ಮಿಲಾರ್ಡಿಯ ಮೆಲ್ಟಡ.’ ಅದರ ಪೂರ್ವಪದವು ಮುಂಬಯಿಯ ಪ್ರಕೃತಿಚರಿತ್ರೆಯ ಸಂಘದ ಕಾರ್ಯದರ್ಶಿಯಾಗಿದ್ದ ಮಿಲಾರ್ಡನ ಸ್ಮರಣಾರ್ಥವಾಗಿ 1911ರಲ್ಲಿ ಇಟ್ಟುದು. ಸಂಘದವನ ಹೆಸರು ಶುದ್ಧವಾಗಿ ಉಳಿಯಿತು. ಬಿಲ ಅಗೆದವರ ಮಾತು ಅಪಪಾಠವಾಯಿತು. ಅಗೆದವರಲ್ಲಿ ಒಬ್ಬನ ಹೆಸರನ್ನಾದರೂ ಬರೆಯದಿದ್ದುದು ಎಲಿಯಟ್ಟನ ಕೃತಿಯ ದೋಷವೇ ಸರಿ.

ಆದರೂ ಅವನು ಕೇಳಿದನು. ತುಂಗಭದ್ರೆಯ ಈಚೆಯ ದಡದಲ್ಲಿ ಅದೂ ನಡೆಯಲಿಲ್ಲ. ಅದೇ ಸಂಘವು 1911ರಲ್ಲಿ ಆರಂಭಿಸಿದ ಸಸ್ತನಿಸಮೀಕ್ಷೆಯ ಫಲವಾಗಿ, ಮರುಪ್ರಾಯವಾದ ಕಚ್ಛದ ಬಂಡೆಯಿಲಿಗೆ ಬಳ್ಳಾರಿ ಸೀಮೆಯ ವಿಜಯನಗರದಲ್ಲಿ ಒಂದು ದಾಕ್ಷಿಣಾತ್ಯಭೇದವುಂಟೆಂದು 1916ರಲ್ಲಿ ಥಾಮಸ್ ಪಂಡಿತನು ನಿರ್ಣಯಿಸಿದನು. ಅದಕ್ಕೆ ‘ಆಸ್ಟ್ರಾಲಿಸ್’, ಎಂದರೆ ದಕ್ಷಿಣದ್ದು, ಎಂದು ಹೆಸರಾಯಿತು. ಹಂಪೆಯ ಬಂಡೆಗಳ ಪ್ರಾಣಿಗೆ ಹಂಪೆಯವರ ಮಾತಿನ ಗಂಧವೂ ಇಲ್ಲ.

ಆದಕಾರಣ ಹೊಸಪೇಟೆ, ಕಂಪ್ಲಿ, ಸಂಡೂರುಗಳ ಉಪಾಧ್ಯಾಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಹೊಲದವರನ್ನೂ ಕಲ್ಲುಕುಟಿಗರನ್ನೂ ಕೇಳಿ ಈ ಹೆಸರುಗಳನ್ನು ಕನ್ನಡಲಿಪಿಯಲ್ಲಿ, ಹೇಳಿದವರ ಹೆಸರುಸಹಿತ, ಬರೆದಿಡತಕ್ಕುದು. ಪಾಠಶೋಧನೆಗೆ ಮೂಲಪ್ರತಿಯೇ ಶರಣು. ಇಲ್ಲಿ ಮೂಲಪ್ರತಿಯು ಜನರ ನಾಲಗೆ.